ಕೀಳರಿಮೆಯ ಷರತ್ತುಗಳನ್ನು ಸಡಿಲಿಸುವ ಬಗೆ: ಹಾಸನ ಸೀಮೆಯವರಿಗೊಂದು ಮಾರ್ಗದರ್ಶಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ವಾರ ಹಾಸನದ ಮನೆಗಳಲ್ಲಿ ಮಕ್ಕಳ ಅಂಕದ ಜೊತೆಗೆ ಹಿರಿಯರ ಮರ್ಯಾದೆಯೂ ಪ್ರಕಟವಾಗುತ್ತದೆ. 2019ರಲ್ಲಿ ಜಿಲ್ಲೆ ಇಡೀ ರಾಜ್ಯಕ್ಕೆ ಮೊದಲ ಸ್ಥಾನ ಪಡೆದಾಗ ಊರಿಗೆ ಊರೇ ಹೆಮ್ಮೆಪಟ್ಟಿತು. ಅಂಥ ವರ್ಷದಲ್ಲಿ ಗಣಿತ ಉಳಿಸಿಕೊಂಡ ಹುಡುಗನಿಗೆ ಆ ಹೆಮ್ಮೆ ಎಷ್ಟು ಭಾರವಾಗಿದ್ದೀತು ಎಂಬುದು ಪತ್ರಿಕೆಯಲ್ಲಿ ಬರುವ ಸುದ್ದಿಯಲ್ಲ. ಪರೀಕ್ಷೆ ಮತ್ತೆ ಬರೆಯಬಹುದು. ಆದರೆ ಅವನು ತನ್ನ ಬಗ್ಗೆ ತಾನೇ ಕೊಟ್ಟುಕೊಂಡ ತೀರ್ಪು ಪೂರಕ ಪರೀಕ್ಷೆ ಪಾಸಾದ ಮೇಲೂ, ಕೆಲಸ ಸಿಕ್ಕಿದ ಮೇಲೂ, ಮದುವೆಯಾದ ಮೇಲೂ ಬದಲಾಗದೆ ಉಳಿಯಬಹುದು. ಆತ್ಮಗೌರವ ಎಂದು ಮನಶ್ಶಾಸ್ತ್ರ ಅಧ್ಯಯನ ಮಾಡುತ್ತ ಬಂದಿರುವುದು ಈ ತೀರ್ಪನ್ನು. ಇದು ಯಾಕೆ ಇಷ್ಟು ಗಟ್ಟಿಯಾಗಿ ಕೂರುತ್ತದೆ, ಅದನ್ನು ಸಡಿಲಿಸಲು ಓದುಗರು ಮನೆಯಲ್ಲೇ ಏನು ಮಾಡಬಹುದು, ಯಾವ ಹಂತದಲ್ಲಿ ವೈದ್ಯರ ಬಳಿ ಹೋಗಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲು ತಿಳಿದಿರಬೇಕಾದದ್ದು

ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಆತ್ಮಗೌರವವನ್ನು ಒಂದು ಭಾಗಾಕಾರವಾಗಿ ಬರೆದರು: ಮನುಷ್ಯ ಸಾಧಿಸಿದ್ದನ್ನು ಅವನು ಸಾಧಿಸಲೇಬೇಕೆಂದುಕೊಂಡದ್ದರಿಂದ ಭಾಗಿಸಿದರೆ ಬರುವ ಭಾಗಲಬ್ಧವೇ ಅವನ ಆತ್ಮಗೌರವ. ಹಾಗಾಗಿ ಸಾಧನೆ ಹೆಚ್ಚಿಸಿಕೊಂಡರೆ ಎಷ್ಟು ಫಲವೋ, 'ಆಗಲೇಬೇಕು' ಎಂಬ ಪಟ್ಟಿಯನ್ನು ಕಿರಿದು ಮಾಡಿಕೊಂಡರೂ ಅಷ್ಟೇ ಫಲ. ಮುಂದೆ 1965ರಲ್ಲಿ ಮಾರಿಸ್ ರೋಸೆನ್‌ಬರ್ಗ್ ಎಂಬ ಸಮಾಜವಿಜ್ಞಾನಿ ಹತ್ತು ವಾಕ್ಯಗಳ ಒಂದು ಮಾಪನವನ್ನು ರೂಪಿಸಿದರು. ಅದರಲ್ಲಿ ಐದು ವಾಕ್ಯಗಳು ತನ್ನ ಬಗ್ಗೆ ಒಳ್ಳೆಯ ಭಾವದವು, ಐದು ಕೆಟ್ಟ ಭಾವದವು. ಇಂದಿಗೂ ಜಗತ್ತಿನಾದ್ಯಂತ ಅತಿ ಹೆಚ್ಚು ಬಳಕೆಯಲ್ಲಿರುವ ಮಾಪನಗಳಲ್ಲಿ ಅದೂ ಒಂದು. ಆತ್ಮಗೌರವ ಚೆನ್ನಾಗಿರುವವನು ತಾನು ಇತರರಿಗಿಂತ ಮೇಲು ಎಂದುಕೊಳ್ಳಬೇಕಾಗಿಲ್ಲ, ತಾನು ಇರುವಷ್ಟಕ್ಕೆ ಸರಿಯಾಗಿದ್ದೇನೆ ಎಂದುಕೊಂಡರೆ ಸಾಕು ಎಂದು ರೋಸೆನ್‌ಬರ್ಗ್ ಸ್ಪಷ್ಟಪಡಿಸಿದ್ದರು. ಹಮ್ಮು ಬಂದುಬಿಡುತ್ತದೆಂಬ ಹೆದರಿಕೆಯಿಂದ ತಮ್ಮನ್ನು ತಾವೇ ತುಳಿದುಕೊಳ್ಳುವುದನ್ನು ವಿನಯವೆಂದು ತಿಳಿದಿರುವವರು ಈ ಮಾತನ್ನು ಎರಡು ಸಲ ಓದಬೇಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಆತ್ಮಗೌರವ ಹೆಚ್ಚಿಸಿಬಿಟ್ಟರೆ ಓದು, ಉದ್ಯೋಗ, ಸಮಾಜ ಎಲ್ಲವೂ ಸರಿಹೋಗುತ್ತವೆ ಎಂಬ ನಂಬಿಕೆ ಒಂದು ಕಾಲದಲ್ಲಿ ಎಷ್ಟು ಬಲವಾಗಿತ್ತೆಂದರೆ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಇದಕ್ಕೆಂದೇ ಒಂದು ಸರ್ಕಾರಿ ಕಾರ್ಯಪಡೆಯನ್ನು ರಚಿಸಿತ್ತು. ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2003ರಲ್ಲಿ ಅದುವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದಾಗ, ಆತ್ಮಗೌರವಕ್ಕೂ ಸಂತೋಷಕ್ಕೂ ನಂಟಿರುವುದು ಕಂಡಿತಾದರೂ, ಅದನ್ನು ಹೆಚ್ಚಿಸಿದ್ದರಿಂದ ಓದು ಸುಧಾರಿಸಿತು ಎಂಬುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಕೆನಡಾದ ಜೋಆನ್ ವುಡ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಕಣ್ತೆರೆಸುವಂಥದ್ದು: ತಾನು ಪ್ರೀತಿಗೆ ಅರ್ಹ ಎಂಬರ್ಥದ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ಮೊದಲೇ ಆತ್ಮಗೌರವ ಕಡಿಮೆಯಿದ್ದವರ ಮನಸ್ಸು ಇನ್ನಷ್ಟು ಕುಗ್ಗಿತು. ನಂಬಲಾಗದ ಹೊಗಳಿಕೆಯನ್ನು ಕೇಳಿದ ಮನಸ್ಸು ಕೂಡಲೇ ಅದಕ್ಕೆ ವಿರುದ್ಧವಾದ ಸಾಕ್ಷಿಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತದೆ. ಆದ್ದರಿಂದ ಕನ್ನಡಿಯ ಮುಂದೆ ನಿಂತು ತನ್ನನ್ನು ಹೊಗಳಿಕೊಳ್ಳುವ, ವಾಟ್ಸಾಪ್‌ನಲ್ಲಿ ದಿನಬೆಳಗಾದರೆ ಬರುವ ಸ್ಫೂರ್ತಿವಾಕ್ಯಗಳನ್ನು ಬಾಯಿಪಾಠ ಮಾಡುವ ಉಪಾಯಗಳನ್ನು ಇಲ್ಲಿ ಸೂಚಿಸಿಲ್ಲ. ಮಾಡಬೇಕಾದ ಕೆಲಸ ಬೇರೆಯಿದೆ: ನಮ್ಮ ಬೆಲೆಗೆ ನಾವೇ ಹಾಕಿಕೊಂಡಿರುವ ಷರತ್ತುಗಳನ್ನು ಪತ್ತೆಹಚ್ಚಿ ಅವುಗಳ ಹಿಡಿತವನ್ನು ಸಡಿಲಿಸಬೇಕು.

ಮೊದಲ ಹೆಜ್ಜೆ: ಒಂದು ವಾರ ಬರೆಯುವುದು

ಒಂದು ಸಾದಾ ನೋಟ್‌ಬುಕ್ಕಿನ ಪುಟವನ್ನು ಮೂರು ಕಾಲಂ ಮಾಡಿ. ಮನಸ್ಸು ತಟ್ಟನೆ ಕುಗ್ಗಿದ ಪ್ರತಿ ಸಂದರ್ಭವನ್ನೂ ಅದೇ ದಿನ ದಾಖಲಿಸಿ. ಮೊದಲ ಕಾಲಂನಲ್ಲಿ ನಡೆದದ್ದನ್ನು, ಅಲ್ಲಿದ್ದ ಬೇರೆಯವರೂ ಒಪ್ಪುವಂತೆ ಬರೆಯಿರಿ. 'ಎಲ್ಲರೆದುರು ಅವಮಾನವಾಯಿತು' ಎಂದು ಬರೆಯುವ ಬದಲು 'ಲೆಕ್ಚರರ್ ಪ್ರಶ್ನೆ ಕೇಳಿದರು, ನಾನು ಉತ್ತರ ಹೇಳಲಿಲ್ಲ, ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕರು' ಎಂದು ಬರೆಯಿರಿ. ಎರಡನೆಯ ಕಾಲಂನಲ್ಲಿ ಆ ಕ್ಷಣ ಮನಸ್ಸಿನಲ್ಲಿ ಬಂದ ವಾಕ್ಯವನ್ನು ನೀವು ಮನೆಯಲ್ಲಾಡುವ ಮಾತಿನಲ್ಲೇ, 'ನನ್ ಕೈಲಿ ಏನೂ ಆಗಲ್ಲ' ಎಂದಿದ್ದರೆ ಹಾಗೆಯೇ, ತಿದ್ದದೆ ಬರೆಯಿರಿ. ಮೂರನೆಯದು ಬಹುಮಂದಿ ಬಿಟ್ಟುಬಿಡುವ, ಆದರೆ ಅತಿ ಮುಖ್ಯವಾದ ಕಾಲಂ: ಆ ವಾಕ್ಯ ಬಂದ ಮೇಲೆ ನೀವು ಏನು ಮಾಡಿದಿರಿ?

ಅರಕಲಗೂಡಿನ ಕಡೆಯಿಂದ ಬಂದು ಹಾಸನದ ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿರುವ, ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲಿ ಕಲಿತ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಸೆಮಿನಾರಿಗೆ ಹೆಸರು ಕೊಡುವಂತೆ ಕೇಳಿದಾಗ ಅವಳ ಮನಸ್ಸಿಗೆ ಬಂದ ವಾಕ್ಯ 'ನಾನು ಬಾಯಿ ಬಿಟ್ಟರೆ ಎಲ್ಲರಿಗೂ ಗೊತ್ತಾಗುತ್ತೆ' ಎಂಬುದು. ಅವಳು ಮಾಡಿದ್ದು ಹೊಟ್ಟೆನೋವೆಂದು ಹೇಳಿ ಊರಿಗೆ ಬಸ್ ಹತ್ತಿದ್ದು. ಊರು ತಲುಪುವಷ್ಟರಲ್ಲಿ ಮನಸ್ಸು ಹಗುರಾಗಿರುತ್ತದೆ, ಮತ್ತು ಆ ಹಗುರವೇ ಇಲ್ಲಿನ ಮೋಸ. ತಪ್ಪಿಸಿಕೊಂಡದ್ದರಿಂದ ನೆಮ್ಮದಿ ಸಿಕ್ಕಿದ ಮನಸ್ಸು ಮುಂದಿನ ಸಲವೂ ಅದೇ ದಾರಿ ಹಿಡಿಯುತ್ತದೆ. ಬಾಯಿ ಬಿಟ್ಟಿದ್ದರೆ ನಿಜವಾಗಿ ಏನಾಗುತ್ತಿತ್ತು ಎಂಬುದು ಅವಳಿಗೆ ಎಂದೂ ತಿಳಿಯುವುದೇ ಇಲ್ಲ. ಕೀಳರಿಮೆ ವರ್ಷಗಟ್ಟಲೆ ಬಾಳುವುದು ಹೀಗೆ, ಪರೀಕ್ಷೆಗೆ ಒಳಪಡದೆ.

ಎರಡನೆಯ ಹೆಜ್ಜೆ: ಷರತ್ತನ್ನು ಹುಡುಕುವುದು

ವಾರದ ಕೊನೆಯಲ್ಲಿ ಎರಡನೆಯ ಕಾಲಂನ ವಾಕ್ಯಗಳನ್ನು ಒಟ್ಟಿಗೆ ಓದಿ, ಪ್ರತಿಯೊಂದರ ಕೆಳಗೂ '... ಆದರೆ ಮಾತ್ರ ನನಗೆ ಬೆಲೆ' ಎಂಬ ವಾಕ್ಯವನ್ನು ಪೂರ್ತಿ ಮಾಡಿ. ಬೇರೆ ಬೇರೆಯಾಗಿ ಕಂಡ ಸಂದರ್ಭಗಳು ಸಾಮಾನ್ಯವಾಗಿ ಒಂದೆರಡು ಷರತ್ತುಗಳಲ್ಲಿ ಬಂದು ಸೇರುತ್ತವೆ. ಜೆನಿಫರ್ ಕ್ರಾಕರ್ ಮತ್ತು ಕೋನಿ ವುಲ್ಫ್ 2001ರಲ್ಲಿ ಮಂಡಿಸಿದ ವಿಚಾರದ ಸಾರವೂ ಇದೇ: ಆತ್ಮಗೌರವ ಎಷ್ಟಿದೆ ಎಂಬುದಕ್ಕಿಂತ ಅದನ್ನು ಯಾವುದರ ಮೇಲೆ ನಿಲ್ಲಿಸಿದ್ದೇವೆ ಎಂಬುದು ಮುಖ್ಯ. ಕಾಲೇಜು ವಿದ್ಯಾರ್ಥಿಗಳ ನಡುವೆ ನಡೆಸಿದ ಅಧ್ಯಯನದಲ್ಲಿ ಕ್ರಾಕರ್ ತಂಡ ಅಂಥ ಏಳು ಕ್ಷೇತ್ರಗಳನ್ನು ಗುರುತಿಸಿತು: ಇತರರ ಮೆಚ್ಚುಗೆ, ರೂಪ, ಸ್ಪರ್ಧೆಯಲ್ಲಿ ಮೇಲುಗೈ, ಓದು, ಮನೆಯವರ ಬೆಂಬಲ, ಸನ್ನಡತೆ ಮತ್ತು ದೇವರ ಪ್ರೀತಿ. ನಮ್ಮ ಕಡೆ ಇದೇ ಅಧ್ಯಯನ ನಡೆದರೆ ಮಗನಿಗೆ ಬೆಂಗಳೂರಿನಲ್ಲಿ ಕೆಲಸ, ಮಗಳಿಗೆ ಒಳ್ಳೆಯ ಕಡೆಯ ಸಂಬಂಧ, ಮದುವೆ ಊಟದಲ್ಲಿ ಯಾರೂ ಕೊರತೆ ಎತ್ತದಿರುವುದು ಇವೂ ಪಟ್ಟಿಗೆ ಸೇರಬಹುದೆಂಬುದು ಈ ಲೇಖಕನ ಅನುಮಾನ.

ಆಲೂಗೆಡ್ಡೆ ಬೆಳೆಗಾರನೊಬ್ಬನ ಉದಾಹರಣೆಯನ್ನು ತೆಗೆದುಕೊಳ್ಳಿ. ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆಯನ್ನು ಹಾಸನದ ಎಪಿಎಂಸಿಯಲ್ಲಿ ಕೊಂಡು, ಮುಂಗಾರಿನ ಮೊದಲ ಹದಕ್ಕೆ ಬಿತ್ತಿದ್ದಾನೆ. ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದ ವಾರದಲ್ಲಿ ಅಂಗಮಾರಿ ಬಿದ್ದು ಹೊಲ ಕಪ್ಪಾಗಿದೆ. ನಷ್ಟವಾದದ್ದು ನಿಜ, ಸಾಲ ಉಳಿದದ್ದೂ ನಿಜ. ಆದರೆ ಅವನ ಮನಸ್ಸಿನಲ್ಲಿರುವ ವಾಕ್ಯ 'ನಾನು ಬೇಸಾಯಕ್ಕೆ ಲಾಯಕ್ಕಿಲ್ಲದವನು' ಎಂಬುದು, ಮತ್ತು ಅದರ ಬುಡದಲ್ಲಿರುವ ಷರತ್ತು 'ಯಾರ ಕೈಯಲ್ಲೂ ಸಾಲಗಾರ ಎನ್ನಿಸಿಕೊಳ್ಳದಿದ್ದರೆ ಮಾತ್ರ ನಾನು ಗಂಡಸು' ಎಂಬುದು. ಮೋಡ, ಶಿಲೀಂಧ್ರ, ಮಾರುಕಟ್ಟೆಯ ದರ ಯಾವುದೂ ಅವನ ಅಧೀನದಲ್ಲಿಲ್ಲದಿರುವಾಗ, ಆ ಷರತ್ತಿನ ಮೇಲೆ ನಿಲ್ಲಿಸಿದ ಆತ್ಮಗೌರವ ಪ್ರತಿ ಹಂಗಾಮಿಗೂ ಅಲುಗಾಡದೆ ಇರಲಾರದು.

ಇತರರ ಮಾತು ಇಷ್ಟೊಂದು ನಾಟುವುದು ದೌರ್ಬಲ್ಯವೇ ಎಂದು ಕೆಲವರು ಕೇಳುತ್ತಾರೆ. ಮಾರ್ಕ್ ಲಿಯರಿ ಮತ್ತು ಸಂಗಡಿಗರು 1995ರಲ್ಲಿ ಮುಂದಿಟ್ಟ ವಾದದ ಪ್ರಕಾರ, ಬೈಕಿನ ಪೆಟ್ರೋಲ್ ಮುಳ್ಳು ಟ್ಯಾಂಕಿನಲ್ಲಿ ಎಷ್ಟಿದೆಯೆಂದು ತೋರಿಸುವಂತೆ, ಸುತ್ತಲಿನವರು ನಮ್ಮನ್ನು ಎಷ್ಟರ ಮಟ್ಟಿಗೆ ತಮ್ಮವರೆಂದು ಒಪ್ಪಿದ್ದಾರೆ ಎಂಬುದನ್ನು ತೋರಿಸುವ ಮುಳ್ಳೇ ಆತ್ಮಗೌರವ. ಗುಂಪಿನಲ್ಲಿ ಬಾಳಿದ ಜೀವಿಗೆ ಅದು ಬೇಕಾದದ್ದೇ. ತೊಂದರೆ ಬರುವುದು ಬಾಲ್ಯದ ಬೈಗುಳ, ಹೋಲಿಕೆ, ಕಡೆಗಣನೆಗಳಿಂದ ಆ ಮುಳ್ಳು ಕೆಳಗೇ ಸಿಕ್ಕಿಕೊಂಡಾಗ. ಆದ್ದರಿಂದ ಷರತ್ತು ಸಿಕ್ಕ ಕೂಡಲೇ ಅದನ್ನು ಮೊದಲು ಕೇಳಿದ್ದು ಯಾರ ಬಾಯಲ್ಲಿ ಎಂದು ನೆನಪಿಸಿಕೊಂಡು ಪಕ್ಕದಲ್ಲಿ ಬರೆಯಿರಿ. ತಂದೆಯನ್ನೋ ಮೇಷ್ಟರನ್ನೋ ದೂರಲು ಇದನ್ನು ಬಳಸಬೇಕಾಗಿಲ್ಲ; ಆ ಮಾತು ಒಂದು ಕಾಲದ, ಒಬ್ಬ ಮನುಷ್ಯನ ಅಭಿಪ್ರಾಯವೆಂದು ಕಂಡರೆ ಅಷ್ಟು ಸಾಕು.

ಮೂರನೆಯ ಹೆಜ್ಜೆ: ವಾಕ್ಯವನ್ನು ತಿದ್ದುವುದು

ಈ ಹೆಜ್ಜೆ ಚಿಕ್ಕದು. ವ್ಯಕ್ತಿಯ ಮೇಲೆ ತೀರ್ಪು ಕೊಡುವ ವಾಕ್ಯವನ್ನು ನಡೆದ ಕೆಲಸದ ಬಗೆಗಿನ ವಾಕ್ಯವಾಗಿ ಬದಲಿಸಿ. 'ನಾನು ಬೇಸಾಯಕ್ಕೆ ಲಾಯಕ್ಕಿಲ್ಲ' ಎಂಬುದು 'ಈ ಹಂಗಾಮಿನ ಬೆಳೆ ಹೋಯಿತು. ಔಷಧಿ ಸಿಂಪಡಣೆ ತಡವಾಯಿತು. ಅಕ್ಕಪಕ್ಕದ ಹೊಲಗಳಲ್ಲೂ ರೋಗ ಬಂದಿತ್ತು' ಎಂದಾಗಲಿ. ತನ್ನ ಪಾಲಿನ ತಪ್ಪನ್ನು ಇಲ್ಲಿ ಮುಚ್ಚಿಡುವಂತಿಲ್ಲ, ಇಲ್ಲದ ತಪ್ಪನ್ನು ಹೊರುವಂತೆಯೂ ಇಲ್ಲ. ಹೊಸ ವಾಕ್ಯ ನಿಮಗೇ ನಂಬಲಾಗುವಷ್ಟು ಸಾಧಾರಣವಾಗಿರಲಿ. 'ನಾನು ಅದ್ಭುತ ರೈತ' ಎಂದು ಬರೆದರೆ ಮೇಲೆ ಹೇಳಿದ ವುಡ್ ಅವರ ಪ್ರಯೋಗದ ಫಲವೇ ಕೈಗೆ ಬರುತ್ತದೆ. ಜೊತೆಗೆ ತೀರ್ಪಿಗೆ ಹೊಂದದ ಸಾಕ್ಷಿಗಳನ್ನೂ ದಿನಕ್ಕೊಂದರಂತೆ ಬರೆಯುತ್ತ ಹೋಗಿ, ಏಕೆಂದರೆ ಕೀಳರಿಮೆಯಿರುವ ಮನಸ್ಸು ಅಂಥವನ್ನು 'ಅದೇನು ದೊಡ್ಡದು' ಎಂದು ತಕ್ಷಣ ಬದಿಗೆ ತಳ್ಳುತ್ತದೆ.

ನಾಲ್ಕನೆಯ ಹೆಜ್ಜೆ: ಮಾಡಿ ನೋಡುವುದು

ಹಿಂದಿನ ಮೂರು ಹೆಜ್ಜೆಗಳೂ ಇದಕ್ಕೆ ಸಿದ್ಧತೆ. ಆಲ್ಬರ್ಟ್ ಬಂಡೂರ 1977ರಲ್ಲಿ ತೋರಿಸಿಕೊಟ್ಟಂತೆ, ತನ್ನಿಂದ ಆಗುತ್ತದೆ ಎಂಬ ನಂಬಿಕೆಗೆ ಬೇರೆಯವರನ್ನು ನೋಡುವುದು, ಅವರು ಧೈರ್ಯ ಹೇಳುವುದು ಮುಂತಾದ ಮೂಲಗಳಿದ್ದರೂ ಎಲ್ಲಕ್ಕಿಂತ ಬಲವಾದದ್ದು ಸ್ವತಃ ಮಾಡಿದ ಅನುಭವ. ಹೀಗಾಗಿ ಮೂರನೆಯ ಕಾಲಂನಲ್ಲಿ ನೀವು ತಪ್ಪಿಸಿಕೊಂಡ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು, ಸುಲಭದ್ದನ್ನು ಕೆಳಗೆ, ಕಷ್ಟದ್ದನ್ನು ಮೇಲೆ ಬರುವಂತೆ ಜೋಡಿಸಿ. ಅರಕಲಗೂಡಿನ ವಿದ್ಯಾರ್ಥಿನಿಯ ಹಾಳೆಯಲ್ಲಿ ತೀರ ಕೆಳಗೆ ತರಗತಿ ಮುಗಿದ ಮೇಲೆ ಲೆಕ್ಚರರ್ ಹತ್ತಿರ ಹೋಗಿ ಕನ್ನಡದಲ್ಲಿ ಒಂದು ಸಂದೇಹ ಕೇಳುವುದು, ಅದರ ಮೇಲೆ ತರಗತಿಯಲ್ಲೇ ಎದ್ದು ನಿಂತು ಕೇಳುವುದು, ಆಮೇಲೆ ಇಬ್ಬರು ಗೆಳತಿಯರ ಎದುರು ಇಂಗ್ಲಿಷಿನಲ್ಲಿ ಐದು ನಿಮಿಷ ಓದುವುದು, ಕೊನೆಗೆ ಸೆಮಿನಾರ್ ಬರಬಹುದು.

ಕೆಲಸಕ್ಕೆ ಹೊರಡುವ ಮೊದಲು ಏನಾಗುತ್ತದೆಂದು ನಿಮಗನ್ನಿಸುತ್ತದೋ ಅದನ್ನೂ, ಆ ಅನಿಸಿಕೆ ನೂರಕ್ಕೆ ಎಷ್ಟು ಬಲವಾಗಿದೆ ಎಂಬುದನ್ನೂ ಬರೆದಿಡಲೇಬೇಕು. ಬರೆಯದಿದ್ದರೆ ಮನಸ್ಸು ಆಮೇಲೆ ಮಾತು ಬದಲಿಸಿಬಿಡುತ್ತದೆ. ಬೆಳೆ ಹೋದಂದಿನಿಂದ ಸೊಸೈಟಿಗೆ ಮಗನನ್ನೇ ಕಳಿಸುತ್ತಿರುವ ಬೆಳೆಗಾರ 'ನನ್ನನ್ನು ಕಂಡ ಕೂಡಲೇ ಸಾಲದ ಮಾತೆತ್ತುತ್ತಾರೆ, ಕೂತವರೆಲ್ಲ ನಗುತ್ತಾರೆ: ತೊಂಬತ್ತು' ಎಂದು ಬರೆದಿಟ್ಟು ಹೋದನೆನ್ನಿ. ಇಬ್ಬರು ಮಳೆಯ ಮಾತಾಡಿರಬಹುದು, ಒಬ್ಬ ಸಾಲದ ಮಾತೆತ್ತಿಯೂ ಇರಬಹುದು, ಯಾರೂ ನಕ್ಕಿಲ್ಲದಿರಬಹುದು. ಮನೆಗೆ ಬಂದ ಮೇಲೆ ಊಹೆಯ ಯಾವ ಭಾಗ ನಿಜವಾಯಿತು, ಯಾವುದು ಆಗಲಿಲ್ಲ ಎಂದು ಬರೆಯಬೇಕು. ಊಹೆ ಪೂರ್ತಿ ನಿಜವಾಗುವ ದಿನಗಳೂ ಇರುತ್ತವೆ. ನಮ್ಮ ಊರುಗಳಲ್ಲಿ ಚುಚ್ಚಿ ಮಾತಾಡುವವರಿಗೆ ಬರವಿಲ್ಲ. ಅಂಥ ದಿನ ಕೇಳಿಕೊಳ್ಳಬೇಕಾದ ಪ್ರಶ್ನೆ, ಆ ಮಾತು ಬಂದಾಗ ನಾನು ಏನು ಹೇಳಿದೆ, ಅರ್ಧ ಗಂಟೆಯ ನಂತರ ಹೇಗಿದ್ದೆ ಎಂಬುದು. ಸಹಿಸಲಾರೆ ಎಂದುಕೊಂಡದ್ದನ್ನು ಸಹಿಸಿದ್ದೇನೆಂದು ಕಂಡರೆ ಆ ಪ್ರಯೋಗವೂ ಫಲಿಸಿದಂತೆಯೇ.

ಇನ್ನೊಂದು ಸೂಕ್ಷ್ಮವಿದೆ. ಕೆಲಸಕ್ಕೆ ಹೋದಂತೆ ಮಾಡಿ ಒಳಗೊಳಗೇ ರಕ್ಷಣೆ ಹುಡುಕುವ ಅಭ್ಯಾಸ ಬಹುಮಂದಿಗಿರುತ್ತದೆ: ಹಿಂದಿನ ಬೆಂಚಿನ ಮೂಲೆಯಲ್ಲಿ ಕೂರುವುದು, 'ನನಗೆ ಅಷ್ಟಾಗಿ ಗೊತ್ತಿಲ್ಲ, ಆದರೂ' ಎಂದೇ ಮಾತು ಶುರುಮಾಡುವುದು, ಯಾರ ಕಣ್ಣಿಗೂ ಕಣ್ಣು ಕೊಡದೆ ಫೋನ್ ನೋಡುತ್ತಿರುವುದು. ಇವು ಇರುವವರೆಗೂ ಪ್ರಯೋಗ ಗೆದ್ದರೂ ಮನಸ್ಸು ಆ ಗೆಲುವನ್ನು ಇವುಗಳ ಲೆಕ್ಕಕ್ಕೇ ಬರೆಯುತ್ತದೆ. ಆದ್ದರಿಂದ ಒಂದೇ ಕೆಲಸವನ್ನು ಎರಡನೆಯ ಸಲ ಮಾಡುವಾಗ ಇವುಗಳಲ್ಲೊಂದನ್ನು ಬೇಕೆಂದೇ ಬಿಡಿ. ಒಂದು ಮೆಟ್ಟಿಲಿನಲ್ಲಿ ಹೆದರಿಕೆ ಅರ್ಧದಷ್ಟಾದರೂ ಇಳಿಯುವ ತನಕ ಮುಂದಿನದಕ್ಕೆ ಅವಸರಪಡಬೇಕಾಗಿಲ್ಲ, ಹಾಗೆಂದು ಹೆದರಿಕೆ ಪೂರ್ತಿ ಹೋಗಲಿ ಎಂದು ಕಾಯುವುದೂ ಬೇಡ. ಕಾಯುವುದು ಎಷ್ಟೋ ಸಲ ತಪ್ಪಿಸಿಕೊಳ್ಳುವುದರ ಇನ್ನೊಂದು ರೂಪವಾಗಿರುತ್ತದೆ.

ಸೋತ ದಿನ ಮಾಡಬೇಕಾದದ್ದು

ಮೇಲಿನ ಕ್ರಮದಲ್ಲಿ ಸೋಲು ಬರುವುದು ಖಚಿತ, ಮತ್ತು ಹಳೆಯ ವಾಕ್ಯ ಮರಳಿ ಬರುವುದು ಅಂದೇ. ಕ್ರಿಸ್ಟಿನ್ ನೆಫ್ 2003ರಿಂದ ಅಧ್ಯಯನ ಮಾಡುತ್ತ ಬಂದಿರುವ, ತನ್ನ ಮೇಲೆ ತಾನು ತೋರುವ ಕರುಣೆ ಇಲ್ಲಿ ನೆರವಿಗೆ ಬರುತ್ತದೆ. ಅವರು ಇದರಲ್ಲಿ ಮೂರು ಅಂಶಗಳನ್ನು ಗುರುತಿಸಿದ್ದಾರೆ: ತನ್ನೊಡನೆ ಕಠೋರವಾಗಿರದೆ ದಯೆಯಿಂದ ನಡೆದುಕೊಳ್ಳುವುದು, ಸೋಲು ಎಲ್ಲರ ಬಾಳಿನಲ್ಲೂ ಇರುವಂಥದ್ದೆಂದು ತಿಳಿಯುವುದು, ನೋವನ್ನು ಅಡಗಿಸದೆ ಹಿಗ್ಗಿಸದೆ ಇದ್ದಂತೆ ಗಮನಿಸುವುದು. ಕೈಗೆಟಕುವ ವಿಧಾನವೊಂದಿದೆ: ಅಕ್ಕನ ಮಗಳು ಇದೇ ಸೋಲನ್ನು ಹೊತ್ತು ನಿಮ್ಮ ಮನೆಗೆ ಬಂದಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರೋ ಅದನ್ನು ನಾಲ್ಕು ಸಾಲು ಬರೆದು, ನಿಮ್ಮ ಹೆಸರು ಸೇರಿಸಿ ಓದಿಕೊಳ್ಳಿ. ಹೀಗೆ ಮೆತ್ತಗಾದರೆ ಸೋಮಾರಿಯಾಗುತ್ತೇವೆಂಬ ಭಯ ಹಿರಿಯರಲ್ಲಿ ಸಾಮಾನ್ಯ. ಆದರೆ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಷ್ಟದ ಪರೀಕ್ಷೆಯಲ್ಲಿ ಸೋತು ತಮ್ಮ ಮೇಲೆ ಕರುಣೆ ತಂದುಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಇತರರಿಗಿಂತ ಹೆಚ್ಚು ಹೊತ್ತು ಓದಿದ್ದರು.

ಅವಮಾನ ಹೊರಗಿನಿಂದ ಬಂದಾಗ

ಜಾತಿ, ಮೈಬಣ್ಣ, ಅಂಗವೈಕಲ್ಯ, ಹೆಣ್ಣೆಂಬ ಕಾರಣ ಇವುಗಳಿಂದ ದಿನವೂ ಕೀಳಾಗಿ ಕಾಣಲ್ಪಡುವವರಿಗೆ 'ನಿಮ್ಮ ಯೋಚನೆ ಬದಲಿಸಿಕೊಳ್ಳಿ' ಎಂದು ಉಪದೇಶಿಸುವುದು ಅನ್ಯಾಯ. ಅಂಥ ಸಂದರ್ಭದಲ್ಲಿ ದೋಷ ನೋಟ್‌ಬುಕ್ಕಿನ ಎರಡನೆಯ ಕಾಲಂನಲ್ಲಿಲ್ಲ, ಮೊದಲನೆಯದರಲ್ಲಿದೆ. ಜೆನಿಫರ್ ಕ್ರಾಕರ್ ಮತ್ತು ಬ್ರೆಂಡಾ ಮೇಜರ್ 1989ರಲ್ಲಿ ವಾದಿಸಿದಂತೆ, ಎದುರಿನವನ ನಡವಳಿಕೆಗೆ ಕಾರಣ ಅವನ ಪೂರ್ವಗ್ರಹ ಎಂದು ಗುರುತಿಸುವುದೇ ಎಷ್ಟೋ ಮಂದಿಯ ಆತ್ಮಗೌರವವನ್ನು ಕಾಪಾಡುತ್ತದೆ. ತಟ್ಟೆ ಲೋಟ ಬೇರೆ ಇಟ್ಟವರ ಮನೆಯಿಂದ ಬಂದ ಮೇಲೆ 'ನನ್ನಲ್ಲೇನು ಕೊರತೆ' ಎಂದು ಹುಡುಕುವ ಅಗತ್ಯವಿಲ್ಲ. ಅಂಥದ್ದನ್ನು ಒಂಟಿಯಾಗಿ ನುಂಗದೆ, ನಂಬಿಕೆಯವರೊಡನೆ ಹೇಳಿಕೊಂಡು, ಬೇಕಾದಲ್ಲಿ ಕಾನೂನಿನ ನೆರವು ಪಡೆಯುವುದೂ ಆತ್ಮಗೌರವದ ಕೆಲಸವೇ.

ಮಕ್ಕಳಿರುವ ಮನೆಯವರಿಗೆ

ಮಕ್ಕಳ ವಿಷಯದಲ್ಲಿ ಬೈಗುಳದಷ್ಟೇ ಹೊಗಳಿಕೆಯನ್ನೂ ಎಚ್ಚರದಿಂದ ಬಳಸಬೇಕು. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, 'ನೀನು ಬಹಳ ಬುದ್ಧಿವಂತ' ಎಂದು ಹೊಗಳಿಸಿಕೊಂಡ ಮಕ್ಕಳು ಒಮ್ಮೆ ಸೋತ ಕೂಡಲೇ ಉತ್ಸಾಹ ಕಳೆದುಕೊಂಡರು. ಪಟ್ಟ ಶ್ರಮಕ್ಕೆ ಮೆಚ್ಚುಗೆ ಪಡೆದವರು ಪಟ್ಟು ಬಿಡಲಿಲ್ಲ. ಎಡ್ಡಿ ಬ್ರುಮ್ಮೆಲ್ಮನ್ ಮತ್ತು ಸಂಗಡಿಗರು 2014ರಲ್ಲಿ ಕಂಡುಕೊಂಡದ್ದು ಇನ್ನೂ ಸೂಕ್ಷ್ಮ: ಕೀಳರಿಮೆಯಿರುವ ಮಕ್ಕಳನ್ನು ಕಂಡರೆ ದೊಡ್ಡವರು ಹೆಚ್ಚು ಉತ್ಪ್ರೇಕ್ಷೆಯಿಂದ ಹೊಗಳುತ್ತಾರೆ, ಆ ಉತ್ಪ್ರೇಕ್ಷೆಯಿಂದಲೇ ಆ ಮಕ್ಕಳು ಕಷ್ಟದ ಕೆಲಸಗಳಿಂದ ಹಿಂದೆ ಸರಿಯುತ್ತಾರೆ. ಅಂಕಪಟ್ಟಿ ಕೈಗೆ ಬಂದಾಗ ಒಟ್ಟು ಮೊತ್ತವನ್ನು ಬಿಟ್ಟು 'ಯಾವ ಪಾಠ ಕಷ್ಟವಾಯ್ತು, ಹೇಗೆ ಓದಿದೆ?' ಎಂದು ಕೇಳಬಹುದು. ಚಿಕ್ಕಪ್ಪನ ಮಗನ ಅಂಕದ ಸುದ್ದಿ ಆ ಹೊತ್ತಿಗೆ ಬೇಡವೇ ಬೇಡ.

ವೈದ್ಯರ ಬಳಿ ಹೋಗಬೇಕಾದ ಸಂದರ್ಭ

ಕುಗ್ಗಿದ ಮನಸ್ಸು ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಹಾಗೆಯೇ ಇದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದು ಖಿನ್ನತೆಯಿರಬಹುದು. ಖಿನ್ನತೆಯಲ್ಲಿ ತಾನು ನಿಷ್ಪ್ರಯೋಜಕ ಎಂಬ ಭಾವ ಕಾಯಿಲೆಯದೇ ಲಕ್ಷಣವಾಗಿರುತ್ತದೆ ಮತ್ತು ನೋಟ್‌ಬುಕ್ಕೊಂದರಿಂದಲೇ ಅದು ಹೋಗುವುದಿಲ್ಲ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬಾರದು, ಅಂದೇ ಮಾತಾಡಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೂ ದೊರೆಯುತ್ತದೆ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಎಲ್ಲರೂ ಹಿಮ್ಸ್ ಎನ್ನುವ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಚಿಕ್ಕಮಗಳೂರಿನ ಕಡೆಯವರು ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಸಕಲೇಶಪುರ, ಮೂಡಿಗೆರೆಯಂಥ ದೂರದ ತಾಲ್ಲೂಕಿನವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಮ್ಮ ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತದೆಂದು ಮೊದಲೇ ಕೇಳಿ ತಿಳಿದುಕೊಂಡರೆ ಒಂದು ದಿನದ ಓಡಾಟ ಉಳಿಯುತ್ತದೆ.

ವೈದ್ಯರ ಬಳಿ ಜೊತೆಗೆ ಬಂದ ಅಣ್ಣನೋ ಅತ್ತೆಯೋ ರೋಗಿಯ ಪರವಾಗಿ ತಾವೇ ಎಲ್ಲವನ್ನೂ ಹೇಳಿಬಿಡುವುದು ನಮ್ಮಲ್ಲಿ ರೂಢಿ. ಅವರು ಹೇಳುವುದನ್ನು ವೈದ್ಯರು ಕೇಳಿಸಿಕೊಳ್ಳಲಿ. ಆದರೆ ಸ್ವಲ್ಪ ಹೊತ್ತು ಒಬ್ಬರೇ ಮಾತಾಡಬೇಕೆಂದು ಕೇಳುವ ಅವಕಾಶ ನಿಮಗಿದೆ, ಮತ್ತು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಕಾಯಿಲೆ ಹಾಗೂ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡಿಸುವ ಹಕ್ಕನ್ನು ನಿಮಗೆ ಕೊಟ್ಟಿದೆ. ಜೊತೆಯಲ್ಲಿ ಬಂದವರನ್ನು ಹತ್ತು ನಿಮಿಷ ಹೊರಗೆ ಕೂರಲು ಹೇಳಲು ಸಂಕೋಚವಾದರೆ, ಆ ಮಾತನ್ನು ನಿಮ್ಮ ಪರವಾಗಿ ಹೇಳುವಂತೆ ಚೀಟಿ ಮಾಡಿಸುವಾಗಲೇ ನರ್ಸ್ ಅವರಲ್ಲಿ ಕೇಳಿಕೊಳ್ಳಬಹುದು.